ಬದಲಿ ನಾಯಕಿ

ಗಿರಾಕಿ ಕನ್ನಡಿಯ ಮುಂದೆ ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿಕೊಳ್ಳುತ್ತ, ತನಗೇ ಗೊತ್ತಿಲ್ಲದ ಹಾಗೆ ಆ ಹಾಡನ್ನು ಗುನುಗತೊಡಗಿದ. ದೊಡ್ಡಮ್ಮ ಅವನ ಕಿವಿಯ ಹಿಂದೆ ಬೆರಳಿಟ್ಟು ಕನ್ನಡಕದ ಕಡ್ಡಿ ಎಲ್ಲಿ ಒತ್ತುತ್ತಿದೆಯೆಂದು ತಡವಿ ನೋಡುತ್ತಿದ್ದಳು. ಗುನುಗಿದ ಸದ್ದು ಅವನ ಎಲುಬಿನಿಂದ ಅವಳ ಬೆರಳ ತುದಿಗೆ ಸಣ್ಣ ನಡುಕವಾಗಿ ಇಳಿಯಿತು.

"ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ," ಎಂದಳು.

"ಅಲ್ಲಾಡ್ಲಿಲ್ಲವಲ್ಲಮ್ಮಾ."

"ಹಾಡ್ತಿದ್ರಿ."

"ಹೌದಾ?" ಆತ ನಾಚಿಕೊಂಡು ನಕ್ಕ. "ಬೆಳಗ್ಗೆಯಿಂದ ಬಾಯಿಗೆ ಅಂಟ್ಕೊಂಡ್ಬಿಟ್ಟಿದೆ. ನಮ್ಮಜ್ಜಿ ಹಾಡ್ತಿದ್ರು. ಯಾವುದೋ ನಾಟಕದ್ದಂತೆ."

ಹೌದು, ಯಾವುದೋ ನಾಟಕದ್ದು. ದೊಡ್ಡಮ್ಮ ಫ್ರೇಮನ್ನು ಬಿಸಿಗಾಳಿಗೆ ಹಿಡಿದು, ಕಡ್ಡಿಯ ತುದಿಯನ್ನು ಹೆಬ್ಬೆರಳಿನಿಂದ ಒಂದಿಷ್ಟು ಬಾಗಿಸಿ, ಮತ್ತೆ ಅವನ ಮುಖಕ್ಕೆ ಏರಿಸಿದಳು. ಈ ಹಾಡು ತನ್ನನ್ನು ಎಲ್ಲೆಲ್ಲಿ ಅಟ್ಟಿಸಿಕೊಂಡು ಬಂದಿದೆ ಎಂದು ಲೆಕ್ಕ ಇಡುವುದನ್ನು ಅವಳು ಎಂದೋ ಬಿಟ್ಟಿದ್ದಳು. ಬ್ಯಾಂಕಿಗೆ ಫೋನು ಮಾಡಿದರೆ ಕಾಯಿಸುವಾಗ ಇದೇ ರಾಗ. ಕೆಳಗಿನ ಮನೆಯ ಬಾಣಂತಿ ಮಗುವನ್ನು ಮಲಗಿಸುವುದು ಇದರಲ್ಲೇ. ಕಾಲ್ಚೆಂಡಿನ ಆಟದಲ್ಲಿ ಸೋತ ತಂಡ ತಲೆತಗ್ಗಿಸಿ ಮೈದಾನ ಬಿಡುವಾಗ ಗೆದ್ದವರ ಕಡೆಯ ಜನ ಎದ್ದು ನಿಂತು "ಹೋಗುವವನೇ ಹೋಗು" ಎಂದು ಒಕ್ಕೊರಲಿನಿಂದ ಹಾಡಿ ಬೀಳ್ಕೊಡುತ್ತಿದ್ದರು. ಪ್ರೀತಿಯಲ್ಲಿ ಬಿದ್ದವರು ಹಾಡುತ್ತಿದ್ದರು, ಎದ್ದವರೂ ಹಾಡುತ್ತಿದ್ದರು. ಬರೆದವನು ಯಾರು, ಮೊದಲು ಹಾಡಿದವರು ಯಾರು ಎಂಬುದು ಯಾರಿಗೂ ಬೇಕಿರಲಿಲ್ಲ. ಹೊಳೆಯ ನೀರು ಕುಡಿಯುವವನು ಹೊಳೆಯ ಮೂಲ ಕೇಳುತ್ತಾನೆಯೇ?

ಗಿರಾಕಿ ಹೋದ ಮೇಲೆ ಸೊಸೆ ಕೌಂಟರಿನ ಹಿಂದಿನಿಂದ ಬಂದಳು. ಅಂಗಡಿ ಈಗ ದೊಡ್ಡಮ್ಮನ ಮೈದುನನ ಮಗನದು; ಅವನ ಹೆಂಡತಿ ಇವಳು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಆ ಹುಡುಗನಿಗೆ ಒಪ್ಪಿಸಿ, ಕಿಟಕಿ ಪಕ್ಕದ ಪುಟ್ಟ ಮೇಜೊಂದನ್ನು ಮಾತ್ರ ಅವಳು ತನಗೆ ಉಳಿಸಿಕೊಂಡಿದ್ದಳು. ಸಡಿಲಾದ ತಿರುಪು ಬಿಗಿಮಾಡುವುದು, ಮೂಗಿನ ಮೇಲಿನ ಬಿಲ್ಲೆ ಬದಲಿಸುವುದು, ಜಾರುವುದನ್ನು ಜಾರದಂತೆ ಕೂರಿಸುವುದು. ಅವರಿಬ್ಬರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರಿಂದ ಗಿರಾಕಿಗಳಿಗೂ ಅವಳು ದೊಡ್ಡಮ್ಮನೇ ಆಗಿಬಿಟ್ಟಿದ್ದಳು.

"ದೊಡ್ಡಮ್ಮಾ, ಭಾನುವಾರ ಮಧ್ಯಾಹ್ನ ಏನು ಕೆಲಸ?"

"ಭಾನುವಾರ ನನಗೇನು ಕೆಲಸ? ಬಟ್ಟೆ ಒಗೀಬೇಕು, ಒಣಗೋದನ್ನ ನೋಡ್ತಾ ಕೂರಬೇಕು."

"ಹಾಗಾದ್ರೆ ಇದು ನಿಮಗೆ." ಸೊಸೆ ಒಂದು ಟಿಕೆಟನ್ನು ಮೇಜಿನ ಮೇಲಿಟ್ಟಳು. "ನಾವು ಹೋಗಬೇಕಿತ್ತು. ಮಗಳಿಗೆ ಸಿಡುಬಿನ ಹಾಗೆ ಏನೋ ಎದ್ದಿದೆ, ಮೈಯೆಲ್ಲಾ ಗುಳ್ಳೆ. ಇವರದ್ದನ್ನ ಯಾರಿಗೋ ಕೊಟ್ಟಾಯ್ತು. ಹಳೇ ನಾಟಕಶಾಲೆ ರಿಪೇರಿ ಮಾಡಿದಾರಲ್ಲ, ಅಲ್ಲಿ. 'ಸೇತುವೆ ಮನೆ'. ನೋಡೋದಷ್ಟೇ ಅಲ್ಲ, ಎಲ್ಲರೂ ಸೇರಿ ಹಾಡೋದಂತೆ. ಸಾಲುಗಳು ಪರದೆ ಮೇಲೆ ಬರ್ತವೆ, ನೋಡ್ಕೊಂಡು ಹಾಡೋದು. ಮೊದಲ ನಾಯಕಿ ಇದ್ರಲ್ಲ, ಅವರನ್ನೂ ಕರೆಸ್ತಿದಾರಂತೆ. ಅವರಿನ್ನೂ ಇದಾರೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ!"

ದೊಡ್ಡಮ್ಮ ಟಿಕೆಟನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ಸಣ್ಣ ತಿರುಪುಳಿಯ ತುದಿಯನ್ನು ಸೆರಗಿನಿಂದ ಒರೆಸಿದಳು.

"ನನಗ್ಯಾಕಮ್ಮಾ ಇದೆಲ್ಲ? ನನಗೆ ಹಾಡೋಕೆ ಬರುತ್ತಾ?"

"ಯಾರಿಗೆ ಬರುತ್ತೆ ಹೇಳಿ? ನಮ್ಮನೆಯವರು ಸ್ನಾನದಮನೇಲಿ ಹಾಡೋದಕ್ಕೆ ಪಕ್ಕದ ಮನೆಯವರು ಗೋಡೆ ತಟ್ತಾರೆ. ಆದ್ರೂ ಹಾಡ್ತಾರಲ್ಲ! ಹೋಗಿ ಬನ್ನಿ. ಒಬ್ಬರೇ ಕೂತು ಕೂತು ಗೋಡೆಗೆ ಮೊಳೆ ಆಗ್ತಿದೀರಿ."

ಪ್ರೀತಿಯಿಂದ ಆಡಿದ ಮಾತು. ಬೇಡವೆನ್ನಲು ದೊಡ್ಡಮ್ಮನಿಗೆ ಕಾರಣ ಸಿಗಲಿಲ್ಲ. ಇದ್ದ ಒಂದು ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಸುಂಕದವನ ಮುಂದೆ ಸಂಕಟ ಹೇಳಿಕೊಂಡರೆ ಏನು ಬಂತು ಎನ್ನುತ್ತಾರೆ. ಆ ನಾಟಕದಲ್ಲಿ ಸುಂಕದವನ ಮಗಳ ಸಂಕಟವನ್ನೇ ಜನ ಟಿಕೆಟು ತೆಗೆದುಕೊಂಡು ಕೇಳಿದರು. ಹೊಳೆಗೊಂದು ಸೇತುವೆ, ಸೇತುವೆಯ ತುದಿಗೆ ಸುಂಕದ ಮನೆ, ಆ ಮನೆಗೊಬ್ಬಳು ಮಗಳು. ದಾಟಿ ಹೋಗುವ ಗಡಿಯಾರ ರಿಪೇರಿಯವನೊಬ್ಬ ಒಂದು ಮಳೆಗಾಲ ಅಲ್ಲಿ ತಂಗುತ್ತಾನೆ, ಆಮೇಲೆ ಹೋಗುತ್ತಾನೆ. ಕಥೆಯೆಂದರೆ ಇಷ್ಟೇ. ಆದರೆ ಆ ಹುಡುಗಿ ಹೇಳಬೇಕಾದ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ಇನ್ನು ಮಾತಾಡಿದರೆ ಅತ್ತೇಬಿಡುತ್ತಾಳೆ ಎನ್ನುವಲ್ಲಿ ಹಾಡು ಎದ್ದುಬರುತ್ತಿತ್ತು. ಮನೆಯಲ್ಲಿ ಗಂಡನ ಜೊತೆ, ಅತ್ತೆಯ ಜೊತೆ, ಅಪ್ಪನ ಜೊತೆ ಗಂಟಲಲ್ಲೇ ಮಾತು ನುಂಗಿ ಬಂದು ಕೂತವರು ಆಗ ಕುರ್ಚಿಯ ತುದಿಗೆ ಸರಿಯುತ್ತಿದ್ದರು.

ಆ ನಾಟಕದ ಕಂಪನಿಗೆ ಸೇರಿದಾಗ ದೊಡ್ಡಮ್ಮನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಯಜಮಾನರು ಅವಳನ್ನು ಖಾಲಿ ಸಭಾಂಗಣದಲ್ಲಿ ನಿಲ್ಲಿಸಿ ಹಾಡಿಸಿ, ಹಿಂದಿನ ಸಾಲಿನಿಂದ ಕೇಳಿ, "ಗಂಟಲಿದೆ. ಬದಲಿಗೆ ಇರಲಿ," ಎಂದರು. ಅಂದಿನಿಂದ ಅವಳ ಹೆಸರೇ ಬದಲಿ. ನಾಯಕಿಗೆ ಹುಷಾರು ತಪ್ಪಿದರೆ, ಬಸ್ಸು ಕೆಟ್ಟರೆ, ಕಾಲು ಉಳುಕಿದರೆ ಆ ಪಾತ್ರಕ್ಕೆ ನಿಲ್ಲಬೇಕಾದವಳು. ಹಾಗಾಗುವವರೆಗೆ, ಸಂತೆಗೆ ಹೋಗುವ ಗುಂಪಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಒಂದು ಸಲ ಸೇತುವೆ ದಾಟಿದರೆ ಅವಳ ರಂಗಪ್ರವೇಶ ಮುಗಿಯಿತು. ಉಳಿದ ಹೊತ್ತೆಲ್ಲ ಸೈಡ್‌ವಿಂಗಿನ ಕತ್ತಲೆಯಲ್ಲಿ ನಿಂತು ನಾಯಕಿಯ ಜೊತೆಜೊತೆಗೆ ಸದ್ದಿಲ್ಲದೆ ತುಟಿಯಾಡಿಸುವುದು.

ನಾಯಕಿಯನ್ನು ಕಂಪನಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವರಿಗಿಂತ ಹಿರಿಯರಾಗಿದ್ದ ಅಡುಗೆಯವರು ಕೂಡ ಅಕ್ಕನೆಂದೇ ಕರೆಯುತ್ತಿದ್ದರು. ಗುಂಡುಕಲ್ಲಿನಂಥ ಆರೋಗ್ಯ ಅವರದು. ಸಂಜೆ ಬಣ್ಣದ ಕೋಣೆಗೆ ಬಂದವರೇ ಬದಲಿಯ ಕೆನ್ನೆ ತಟ್ಟಿ, "ಚೆನ್ನಾಗಿದೀನಮ್ಮಾ ಇವತ್ತೂ. ಒಂದು ಕೆಮ್ಮೂ ಬರ್ಲಿಲ್ಲ ನೋಡು!" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಬದಲಿಯೂ ನಗುತ್ತಿದ್ದಳು. ಹಾರ್ಮೋನಿಯಂ ಮಾಸ್ತರರು ತಮಾಷೆಗೆ, "ನಿನ್ನ ಕಣ್ಣು ತಾಗೀತು ಅಂತ ಅಕ್ಕ ದಿನಾ ದೃಷ್ಟಿ ತೆಗೆಸ್ಕೊಂಡು ಬರ್ತಾರೆ," ಎನ್ನುತ್ತಿದ್ದರು.

ಒಂದೇ ಒಂದು ಸಲ ಅವಳ ಸರದಿ ಬರುವುದರಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಅಕ್ಕನ ಮೈ ಕೆಂಡದ ಹಾಗೆ ಸುಡುತ್ತಿದೆ, ಡಾಕ್ಟರು ಏಳಕೂಡದು ಎಂದಿದ್ದಾರೆ. ಯಜಮಾನರು ಅವಳ ತಲೆಯ ಮೇಲೆ ಕೈಯಿಟ್ಟು, "ಮಗಳೇ, ಇವತ್ತು ನೀನು," ಎಂದರು. ಬಣ್ಣ ಹಚ್ಚಿದರು. ನಾಯಕಿಯ ಆ ಉದ್ದನೆಯ ನೀಲಿ ಅಂಗಿಯನ್ನು ಸೊಂಟದಲ್ಲಿ ಪಿನ್ನು ಹಾಕಿ ಬಿಗಿದರು. ಹೊರಗೆ ಜನ ತುಂಬುವ ಗುಜುಗುಜು ಕೇಳುತ್ತಿತ್ತು. ಅವಳಿಗೆ ಹೆದರಿಕೆಯಾಗಲಿಲ್ಲ, ಆಗಬೇಕಿತ್ತಲ್ಲ, ಯಾಕೆ ಆಗುತ್ತಿಲ್ಲ ಎಂದು ತನಗೇ ಆಶ್ಚರ್ಯವಾಗುವಷ್ಟು ನಿರಾಳವಾಗಿದ್ದಳು. ಎರಡನೆಯ ಗಂಟೆ ಹೊಡೆದಾಗ ಹಿಂಬಾಗಿಲಿನಲ್ಲಿ ಕಾರು ನಿಂತಿತು. ಕಂಬಳಿ ಹೊದ್ದುಕೊಂಡು, ಗೋಡೆ ಹಿಡಿದುಕೊಂಡು ಅಕ್ಕ ಒಳಗೆ ಬಂದರು. ತುಟಿ ಒಡೆದಿತ್ತು, ಕಣ್ಣು ಕೆಂಪಾಗಿತ್ತು. ಬದಲಿಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಬಿಚ್ಚಮ್ಮಾ," ಎಂದರು.

ಅವಳ ಮೈಯ ಬಿಸಿ ಇನ್ನೂ ಆರದಿದ್ದ ಅಂಗಿಯನ್ನು ಅಕ್ಕ ತೊಟ್ಟುಕೊಂಡರು. ಆವತ್ತು ಅವರು ಹಾಡಿದ್ದನ್ನು ಕೇಳಿದವರು ಆಮೇಲೆ ಎಷ್ಟೋ ಕಾಲ ಅದರ ಮಾತಾಡುತ್ತಿದ್ದರು. ಬದಲಿ ಬುಟ್ಟಿ ಹೊತ್ತು ಸೇತುವೆ ದಾಟಿದಳು. ಮುಖದ ಮೇಲಿನ ನಾಯಕಿಯ ಬಣ್ಣ ಕಾಣದಂತೆ ಸೆರಗನ್ನು ಮುಂದಕ್ಕೆ ಎಳೆದುಕೊಂಡಿದ್ದಳು.

ಯಜಮಾನರು ತೀರಿಕೊಂಡ ಮೇಲೆ ಕಂಪನಿ ಮುಚ್ಚಿತು. ಒಬ್ಬೊಬ್ಬರು ಒಂದೊಂದು ದಿಕ್ಕು. ಅವಳನ್ನು ಕನ್ನಡಕದ ಅಂಗಡಿಯವನು ನೋಡಲು ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ, "ನೀನು ನಾಟಕದ ಗುಂಪಲ್ಲಿ ಇದ್ದೆಯಂತೆ. ಆ ಸೇತುವೆ ಹಾಡು ಬರುತ್ತಾ? ಒಂದ್ಸಲ ಹಾಡು," ಎಂದು ಕೇಳಿದ. "ನನಗೆ ಬರಲ್ಲ, ನಾನು ಬುಟ್ಟಿ ಹೊರ್ತಿದ್ದೆ ಅಷ್ಟೇ," ಎಂದಳು ಅವಳು. ಆತ ಮತ್ತೆ ಕೇಳಲಿಲ್ಲ. ಸಾಯುವವರೆಗೂ ಆತ ಅದನ್ನು ನಿಜವೆಂದೇ ನಂಬಿದ್ದ. ಇಬ್ಬರ ನಡುವೆ ಜಗಳವಿರಲಿಲ್ಲ, ಮಕ್ಕಳಿರಲಿಲ್ಲ. ರೇಡಿಯೋದಲ್ಲಿ ಆ ಹಾಡು ಬಂದಾಗ ಆತ ಸದ್ದು ಹೆಚ್ಚು ಮಾಡುತ್ತಿದ್ದ. ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

*

ಭಾನುವಾರ ನಾಟಕಶಾಲೆಯ ಮುಂದೆ ಜಾತ್ರೆಯಂತೆ ಜನ. ಅಜ್ಜಿಯರು, ಅಜ್ಜಿಯರ ಕೈ ಹಿಡಿದ ಮೊಮ್ಮಕ್ಕಳು, ನೀಲಿ ಅಂಗಿ ತೊಟ್ಟು ಬಂದ ಕಾಲೇಜಿನ ಹುಡುಗಿಯರು. ಗಡಿಯಾರದವನ ಟೋಪಿ ಹಾಕಿಕೊಂಡ ಗಡ್ಡದವನೊಬ್ಬ ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಈ ಕಟ್ಟಡ ನಡುವೆ ಸಿನಿಮಾ ಟಾಕೀಸಾಗಿ, ಆಮೇಲೆ ಗೋದಾಮಾಗಿ, ಈಗ ಮತ್ತೆ ಬಣ್ಣ ಬಳಿದುಕೊಂಡು ನಿಂತಿತ್ತು. ದೊಡ್ಡಮ್ಮ ಮುಂಬಾಗಿಲಿನಿಂದ ಒಳಗೆ ಹೋಗುವುದು ಇದೇ ಮೊದಲು. ಕುರ್ಚಿ ಹುಡುಕುವಾಗ ದಾರಿ ತಪ್ಪಿತು. ರಂಗದ ಮೇಲಿನಿಂದ ಕಂಡಿದ್ದ ಸಭಾಂಗಣವೇ ಬೇರೆ, ಇದೇ ಬೇರೆ.

ಪಕ್ಕದಲ್ಲಿ ಕೂತಿದ್ದ ತರುಣಿ ಬಲು ಸಲಿಗೆಯವಳು. "ಒಬ್ಬರೇ ಬಂದಿದೀರಾ ಅಮ್ಮಾ? ನಾನು ಇದನ್ನ ನೋಡ್ತಿರೋದು ನಾಲ್ಕನೇ ಸಲ. ಅಮ್ಮ ತೀರಿಕೊಂಡಾಗ ಈ ಹಾಡು ಕೇಳ್ಕೊಂಡೇ ದಿನ ಕಳೆದೆ. ಮಾತಾಡೋಕೆ ಬಂದವರನ್ನೆಲ್ಲ ಹೊಡೀಬೇಕು ಅನ್ನಿಸ್ತಿತ್ತು. ಹಾಡಾದ್ರೆ ಸುಮ್ನೆ ಜೊತೇಲಿರುತ್ತೆ, ಅಲ್ವಾ?"

ದೊಡ್ಡಮ್ಮ ಹೌದೆನ್ನುವಂತೆ ತಲೆಯಾಡಿಸಿದಳು.

ನಾಟಕ ಶುರುವಾಯಿತು. ಹೊಸ ಹುಡುಗಿ, ಹೊಸ ಹುಡುಗ, ಬಣ್ಣಬಣ್ಣದ ಬೆಳಕಿನಲ್ಲಿ ಹೊಳೆ ನಿಜವಾಗಿ ಹರಿಯುತ್ತಿರುವಂತೆಯೇ ಕಾಣುತ್ತಿತ್ತು. ಮೊದಲ ಹಾಡಿಗೇ ಇಡೀ ಸಭಾಂಗಣ ದನಿಗೂಡಿಸಿತು. ಶ್ರುತಿಯಲ್ಲಿದ್ದವರು, ಇಲ್ಲದವರು, ಒಂದು ಸಾಲು ಮುಂದೆ ಓಡಿದವರು, ಎಲ್ಲರೂ. ಪರದೆಯ ಮೇಲೆ ಸಾಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ತರುಣಿ ಮೊಣಕೈಯಿಂದ ತಿವಿದಳು: "ಹಾಡಿ ಅಮ್ಮಾ! ಗೊತ್ತಿಲ್ಲದಿದ್ರೆ ಓದ್ಕೊಂಡು ಹಾಡಿ. ಯಾರಿಗೂ ಕೇಳಿಸಲ್ಲ."

ದೊಡ್ಡಮ್ಮ ಬಾಯಿ ತೆರೆದಳು. ದನಿ ಬರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಸಾಲಿಗೆ ಸಾಲು, ಉಸಿರಿಗೆ ಉಸಿರು, ಸದ್ದಿಲ್ಲದೆ. ಸುತ್ತಲೂ ಊರಿಗೆ ಊರೇ ಹಾಡುತ್ತಿತ್ತು. ಗೊತ್ತಿದ್ದವರು ಹಾಡುತ್ತಿದ್ದರು, ಗೊತ್ತಿಲ್ಲದವರೂ ಹಾಡುತ್ತಿದ್ದರು. ಯಾರದೋ ಮದುವೆಯ ಮನೆಗೆ ಕರೆಯದೆ ಬಂದವಳಂತೆ ಅವಳು ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಳು.

ವಿರಾಮದ ನಂತರ ಪರದೆ ಎದ್ದಾಗ ಸೇತುವೆಯ ಮೇಲೆ ಒಂದು ಕುರ್ಚಿ ಇತ್ತು. ಹೊಸ ನಾಯಕಿ ಕೈಹಿಡಿದು ನಡೆಸಿಕೊಂಡು ಬಂದದ್ದು ಅಕ್ಕನನ್ನು. ಎಷ್ಟು ಸಣ್ಣಗಾಗಿದ್ದರು! ಬಿಳಿಯ ತಲೆ, ಮೂಗಿನ ತುದಿಗೆ ಜಾರಿದ ದೊಡ್ಡ ಕನ್ನಡಕ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು, ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಅಕ್ಕ ಮಗುವಿನಂತೆ ಸುತ್ತ ನೋಡಿದರು. ಮೈಕು ಕೊಟ್ಟವರು ಕಿವಿಯಲ್ಲಿ ಏನೋ ಹೇಳಿದರು. ಜನ ಕೂತರು. ಪಿಟೀಲು ನುಡಿಯತೊಡಗಿತು.

*ಹೋಗುವವನೇ ಹೋಗು, ಹೊರಳಿ ನೋಡಬೇಡ,*
*ನೋಡಿದರೆ ಸೇತುವೆ ನಡುಗೀತು;*
*ಹೊಳೆಗೆ ಗೊತ್ತಿಲ್ಲ ದಡದ ಸಂಕಟ,*
*ಹೇಳಿದರೆ ಹೊಳೆಯೂ ನಿಂತೀತು.*

ದನಿ ಒಣಗಿತ್ತು, ಆದರೆ ದಾರಿ ತಪ್ಪಲಿಲ್ಲ. ಯಾರೂ ಜೊತೆಗೂಡಲಿಲ್ಲ, ಒಬ್ಬರೇ ಹಾಡಲಿ ಎಂದು ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ಪಿಟೀಲು ಎರಡನೆಯ ಚರಣಕ್ಕೆ ದಾರಿ ಮಾಡಿಕೊಟ್ಟಿತು. ಅಕ್ಕ ಬಾಯಿ ತೆರೆದರು. ಏನೂ ಬರಲಿಲ್ಲ. ಪಿಟೀಲಿನವನು ಇನ್ನೊಂದು ಸುತ್ತು ಹಾಕಿದ. ಅಕ್ಕನ ಕಣ್ಣು ಸೇತುವೆಯ ಹಲಗೆಗಳ ಮೇಲೆ ಏನನ್ನೋ ಹುಡುಕುತ್ತಿತ್ತು.

ದೊಡ್ಡಮ್ಮ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಬಲಗಾಲು ಒಂದು ಹೆಜ್ಜೆ ಮುಂದಿತ್ತು, ಬೆನ್ನು ನೆಟ್ಟಗಾಗಿತ್ತು, ಎದೆಯಲ್ಲಿ ಉಸಿರು ತುಂಬಿ ನಿಂತಿತ್ತು.

ಆ ಕ್ಷಣಕ್ಕೆ ಮೇಲಿನ ಗ್ಯಾಲರಿಯಿಂದ ಯಾರೋ ಆ ಸಾಲನ್ನು ಎತ್ತಿಕೊಂಡರು. ಮರುಗಳಿಗೆ ಸಭಾಂಗಣವೆಲ್ಲ ಹಾಡತೊಡಗಿತು. ಮೆತ್ತಗೆ, ಕೈಜಾರಿದ್ದನ್ನು ಎತ್ತಿಕೊಡುವಂತೆ, ನೂರಾರು ಜನ ಅಕ್ಕನಿಗೆ ಅವರ ಹಾಡನ್ನು ಹಾಡಿ ತೋರಿಸಿದರು. ಅಕ್ಕ ಮೈಕು ಕೆಳಗಿಳಿಸಿ ನಗುತ್ತ ಕೇಳಿಸಿಕೊಂಡರು. ತರುಣಿ ಅಳುತ್ತ ಹಾಡುತ್ತಿದ್ದಳು. ದೊಡ್ಡಮ್ಮ ಹಾಗೇ ನಿಂತಿದ್ದಳು, ಬಾಯಿ ಮುಚ್ಚಿ.

"ಅಮ್ಮಾ, ಕೂತ್ಕೊಳ್ಳಿ," ಎಂದ ಹಿಂದಿನ ಸಾಲಿನವನು, ಬೇಸರವಿಲ್ಲದೆ. "ಹಿಂದಿನವರಿಗೆ ಕಾಣಿಸಲ್ಲ."

ಅವಳು ಕೂತಳು.

*

ಆಟ ಮುಗಿದ ಮೇಲೆ ಜನ ಮುಂಬಾಗಿಲಿನ ಕಡೆ ಹೊರಟರು. ದೊಡ್ಡಮ್ಮನ ಕಾಲು ಮಾತ್ರ ಅಭ್ಯಾಸಬಲದಿಂದ ಎಡಗಡೆಯ ಓಣಿ ಹಿಡಿದು, ಕಲಾವಿದರ ಹಿಂಬಾಗಿಲಿನ ಕಡೆ ನಡೆಯಿತು. ಬಿಸಿಲು ಇನ್ನೂ ಇತ್ತು. ಬಾಗಿಲ ಬಳಿ, ಒಂದರ ಮೇಲೊಂದು ಪೇರಿಸಿದ್ದ ಕುರ್ಚಿಗಳ ಪಕ್ಕ, ಮಡಿಲಲ್ಲಿ ದೊಡ್ಡ ಹೂಗುಚ್ಛ ಇಟ್ಟುಕೊಂಡು ಅಕ್ಕ ಒಬ್ಬರೇ ಕೂತಿದ್ದರು. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಒಬ್ಬ, "ಎರಡೇ ನಿಮಿಷ ಮೇಡಂ, ಕಾರು ಬರ್ತಾ ಇದೆ," ಎಂದು ಹೇಳಿ, ಲೈಟಿನವರನ್ನು ಬೈಯುತ್ತ ಒಳಗೆ ಓಡಿದ.

"ಕಾರು ಬಂತಾ?" ಎಂದರು ಅಕ್ಕ, ಇವಳನ್ನು ನೋಡಿ.

"ಇಲ್ಲ, ಇನ್ನೂ ಬಂದಿಲ್ಲ."

"ನೀನು ಇವರ ಕಡೆಯವಳಾ?"

"ಅಲ್ಲ. ನೋಡೋಕೆ ಬಂದಿದ್ದೆ."

"ಕೂತ್ಕೋ ಹಾಗಾದ್ರೆ. ನಿಂತವರನ್ನ ನೋಡಿದ್ರೆ ನನ್ನ ಕುತ್ತಿಗೆ ನೋಯುತ್ತೆ."

ದೊಡ್ಡಮ್ಮ ಒಂದು ಕುರ್ಚಿ ಇಳಿಸಿಕೊಂಡು ಎದುರಿಗೆ ಕೂತಳು. ಅಕ್ಕನ ಕನ್ನಡಕ ಮತ್ತೆ ಜಾರಿತು. ಅವರು ಮೂಗು ಸುಕ್ಕಿಸಿ ಅದನ್ನು ಮೇಲೆ ತರಲು ಹೆಣಗಿದರು. "ಕೊಡಿ ಇಲ್ಲಿ," ಎಂದು ದೊಡ್ಡಮ್ಮ ಅದನ್ನು ತೆಗೆದುಕೊಂಡು, ಎರಡೂ ಕಡ್ಡಿಗಳನ್ನು ಅಂಗೈಯ ಕಾವಿನಲ್ಲಿ ಬೆಚ್ಚಗೆ ಮಾಡಿ, ಮೆಲ್ಲಗೆ ಬಾಗಿಸಿ, ತಿರುಗಿ ಅವರ ಕಿವಿಗೆ ಏರಿಸಿದಳು. ಬಿಳಿಕೂದಲು ಬೆರಳಿಗೆ ತಾಗಿತು, ನೂಲಿನಷ್ಟು ಹಗುರ.

"ಅರೆ! ಕೂತ್ಕೊಂಡ್ತು," ಎಂದರು ಅಕ್ಕ. ಅವಳನ್ನು ನಿಟ್ಟಿಸಿ ನೋಡಿದರು. ಆದರೆ ಅಕ್ಕನ ನೋಟ ಅವಳ ಮುಖವನ್ನು ದಾಟಿ ಓಣಿಯ ಕಡೆ ಹೋಯಿತು. "ಕಾರು ಬಂತಾ?"

"ಇಲ್ಲ ಅಕ್ಕಾ, ಬರುತ್ತೆ."

"ಅಕ್ಕ ಅಂತೀಯಾ? ಕಂಪನೀಲೂ ಎಲ್ಲರೂ ಹಾಗೇ ಅಂತಿದ್ರು." ಹೂಗುಚ್ಛದ ಕಾಗದವನ್ನು ಸರಸರ ಸವರಿದರು. "ನೋಡಿದೆಯಾ ಇವತ್ತು? ಮರೆತೇಹೋಯ್ತು. ನಿದ್ದೇಲಿ ಎಬ್ಬಿಸಿದ್ರೂ ಹಾಡ್ತಿದ್ದೆ ನಾನು. ಪುಣ್ಯಕ್ಕೆ ಅವರಿಗೆಲ್ಲ ಬರ್ತಿತ್ತು. ಈಗ ನನಗೆ ಬರದಿದ್ರೂ ನಡೆಯುತ್ತೆ ನೋಡು."

ನಗುತ್ತಲೇ ಹೇಳಿದರು. ಓಣಿಯ ತುದಿಯಲ್ಲಿ ಮನೆಗೆ ಹೋಗುವವರು ಇನ್ನೂ ಹಾಡುತ್ತ ದಾಟುತ್ತಿದ್ದರು.

"ನಮ್ಮಲ್ಲೊಬ್ಬಳು ಬದಲಿ ಇದ್ಲು," ಎಂದರು ಅಕ್ಕ ಇದ್ದಕ್ಕಿದ್ದಂತೆ. "ನನಗೆ ಹುಷಾರು ತಪ್ಪಿದ್ರೆ ಹಾಡೋಕೆ. ಸಣ್ಣ ಹುಡುಗಿ. ಯಾವಾಗಲೂ ಪಕ್ಕದಲ್ಲಿ ನಿಂತಿರ್ತಿದ್ಲು, ನೆರಳಿನ ಹಾಗೆ. ಒಂದಿನ ನನಗೆ ಜ್ವರ ಬಂತು. ಅಯ್ಯೋ, ಎಂಥ ಜ್ವರ ಅಂತೀಯಾ, ಕಣ್ಣು ಬಿಟ್ರೆ ಚಾವಣಿ ತಿರುಗ್ತಿತ್ತು. ಹೋಗಲಿ, ಇವತ್ತೊಂದಿನ ಅವಳು ಹಾಡ್ಲಿ ಅಂತ ಮುಸುಕು ಹಾಕ್ಕೊಂಡು ಮಲಗಿದ್ದೆ."

"ಆಮೇಲೆ?"

"ಆಮೇಲೇನು? ಮಲಗಿದ್ದಾಗ ನೆನಪಾಯ್ತು. ಅವಳು ಹಾಡೋದನ್ನ ಒಂದ್ಸಲ ಕೇಳಿದ್ದೆ ನಾನು. ಮಧ್ಯಾಹ್ನ, ಖಾಲಿ ಹಾಲ್‌ನಲ್ಲಿ, ಯಾರೂ ಇಲ್ಲ ಅಂದ್ಕೊಂಡು ಹಾಡ್ತಿದ್ಲು. ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿದೆ." ಅಕ್ಕ ತಲೆಯಾಡಿಸಿದರು. "ಅದು ನೆನಪಾದ್ದೇ ಎದ್ದು ಬಂದ್ಬಿಟ್ಟೆ."

"ಯಾಕೆ?" ಎಂದಳು ದೊಡ್ಡಮ್ಮ.

"ಯಾಕೆ ಅಂದ್ರೆ? ಚೆನ್ನಾಗಿ ಹಾಡ್ತಿದ್ಲು." ಮಗುವಿಗೆ ತಿಳಿಯ ಹೇಳುವಂತೆ ಹೇಳಿದರು ಅಕ್ಕ. "ಆಮೇಲೆ ನನಗೆ ಯಾವತ್ತೂ ಹುಷಾರು ತಪ್ಪಲಿಲ್ಲ."

ದೊಡ್ಡಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. ಒಳಗೆ ಯಾರೋ ಸೇತುವೆಯ ಹಲಗೆಗಳನ್ನು ಬಿಚ್ಚಿ ಒಂದೊಂದಾಗಿ ನೆಲಕ್ಕೆ ಹಾಕುತ್ತಿದ್ದ ಸದ್ದು.

"ಅವಳು ಈಗೆಲ್ಲಿದಾಳೋ!" ಎಂದರು ಅಕ್ಕ. "ಮದುವೆಯಾಗಿರುತ್ತೆ. ಮಕ್ಕಳು ಮೊಮ್ಮಕ್ಕಳು ಮನೆ ತುಂಬ ಇರ್ತಾರೆ. ದಿನಾ ಹಾಡಿಸಿ ಹಾಡಿಸಿ ಪ್ರಾಣ ತಿಂತಿರ್ತಾರೆ. ಅಲ್ವಾ?"

"ಅಕ್ಕಾ," ಎಂದಳು ದೊಡ್ಡಮ್ಮ. "ಅಕ್ಕಾ, ಅವಳು ನಾನೇ—"

ಅಕ್ಕ ಅವಳ ಕಡೆ ತಿರುಗಿದರು. ಮುಖದಲ್ಲಿ ಅದೇ ಸಭ್ಯವಾದ, ಎಲ್ಲರಿಗೂ ಹಂಚಿ ಹಂಚಿ ಸವೆದ ನಗು. "ನೀನು ಇವರ ಕಡೆಯವಳಾ?" ಎಂದು ಕೇಳಿದರು.

ದೊಡ್ಡಮ್ಮ ಅವರನ್ನೇ ನೋಡಿದಳು. ಆಮೇಲೆ, "ಅಲ್ಲ ಅಕ್ಕಾ, ನೋಡೋಕೆ ಬಂದಿದ್ದೆ," ಎಂದಳು.

"ಹಾಗಾದ್ರೆ ಹಾಡು ಬರುತ್ತಾ ನಿನಗೆ? ಇವತ್ತು ಬಂದವರಿಗೆಲ್ಲ ಬರುತ್ತಲ್ಲ."

ಬರಲ್ಲ ಎನ್ನಲು ಅವಳ ನಾಲಿಗೆ ಆಗಲೇ ಸಿದ್ಧವಾಗಿತ್ತು. ಇಷ್ಟು ವರ್ಷ ಅದೊಂದೇ ಉತ್ತರ ಕೊಟ್ಟು ರೂಢಿ. ಆದರೆ ಅಕ್ಕ ಮೊಣಕಾಲ ಮೇಲೆ ಬೆರಳಿಂದ ತಾಳ ಹಾಕತೊಡಗಿದ್ದರು. ಸ್ವಲ್ಪ ನಿಧಾನ, ಆದರೆ ಅದೇ ಹಳೆಯ ನಡಿಗೆ; ಕಂಪನಿಯಲ್ಲಿ ಅವರು ಹಾಡುತ್ತಿದ್ದ ನಡಿಗೆ.

"ಬರುತ್ತೆ," ಎಂದಳು ದೊಡ್ಡಮ್ಮ.

"ಹಾಡು ಮತ್ತೆ. ಕಾರು ಬರೋವರೆಗೆ."

ಮೊದಲ ಸಾಲು ಒಡೆದು ಬಂತು, ತುಕ್ಕು ಹಿಡಿದ ಕೊಳವೆಯಿಂದ ನೀರು ಬಂದ ಹಾಗೆ. ಎರಡನೆಯ ಸಾಲಿಗೆ ದನಿ ಸ್ವಲ್ಪ ತಿಳಿಯಾಯಿತು. ವಯಸ್ಸಾದ ದನಿಯೇ, ಅವಳು ಬಲ್ಲ ದನಿಯಲ್ಲ. ಎಲ್ಲಿಗೆ ಹೋಗುತ್ತದೋ ನೋಡೋಣ ಎಂದು ಅದರ ಹಿಂದೆಯೇ ಹೋದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು. ಬೆರಳು ನಿಂತಿರಲಿಲ್ಲ. ಅವಳು ಹೊಳೆಯ ಸಾಲಿಗೆ ಬಂದಾಗ ಅಕ್ಕನ ತುಟಿಗಳೂ ಆಡತೊಡಗಿದವು, ಸದ್ದಿಲ್ಲದೆ.

ಓಣಿಯೊಳಗೆ ಕಾರೊಂದು ಹಿಮ್ಮುಖವಾಗಿ ಬಂದು ನಿಂತಿತು. ನಡುವಯಸ್ಸಿನವನೊಬ್ಬ ಇಳಿದು, ಎಂಜಿನ್ನು ಆರಿಸದೆಯೇ ಹಿಂದಿನ ಬಾಗಿಲು ತೆರೆದು, ಗಡಿಬಿಡಿಯಿಂದ ಬಂದ. "ಅತ್ತೇ, ಏಳಿ ಏಳಿ. ಕಾರು ಇಲ್ಲಿ ನಿಲ್ಲಿಸೋ ಹಾಗಿಲ್ಲಂತೆ. ಮಾತ್ರೆಗೂ ಹೊತ್ತಾಯ್ತು."

ಅಕ್ಕ ಕಣ್ಣು ತೆರೆಯಲಿಲ್ಲ. ತಾಳ ಹಾಕುತ್ತಿದ್ದ ಕೈಯನ್ನು ಮಾತ್ರ ಎತ್ತಿ ಅವನ ಕಡೆ ಹಿಡಿದರು.

"ತಡಿ. ಅವಳು ಹಾಡ್ತಿದಾಳೆ."

ಆತ ಇಬ್ಬರನ್ನೂ ನೋಡಿದ. ಕೈಗಡಿಯಾರ ನೋಡಿಕೊಂಡ. ಕಾರಿನ ಹತ್ತಿರ ವಾಪಸು ಹೋಗಿ, ಒಳಗೆ ಬಗ್ಗಿ, ಎಂಜಿನ್ನು ಆರಿಸಿದ. ಓಣಿ ನಿಶ್ಶಬ್ದವಾಯಿತು. ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ, ಎರಡನೆಯ ಚರಣಕ್ಕೆ ಉಸಿರು ತೆಗೆದುಕೊಂಡಳು.